ಗಂಟೆ ಲೆಕ್ಕ ಬಿಟ್ಟು ಲೈಫ್ ಲೆಕ್ಕ ಹಿಡಿದೆ

ಹಳೆ ಟಿವಿ ಗೇಮ್‌ಗಳಿಗೆ ಹಾಕಿದ ದುಡ್ಡು ಪೂರ್ತಿ ವಾಪಸ್ ಬಂದ ಮೇಲೆಯೇ ಬರೆಯೋಣ ಅಂತ ಕಾದಿದ್ದೆ. ಹೋದ ದೀಪಾವಳಿಗೆ ಬಂತು.

ದಾವಣಗೆರೆಯಲ್ಲಿ ನನ್ನದೊಂದು ಗೇಮ್ ಪಾರ್ಲರ್ ಇದೆ. ನಾಲ್ಕು ಪ್ಲೇಸ್ಟೇಷನ್ 5 (ಪಿಎಸ್5), ಒಂದು ಸ್ಟೀರಿಂಗ್ ಸೀಟು. ಹಿಂದಿನ ಮೂಲೆಯಲ್ಲಿ ಈಗ ಮೂರು ಡಬ್ಬಾ ಟಿವಿ, ಅಂದರೆ ಪಿಕ್ಚರ್ ಟ್ಯೂಬಿನ ಹಳೆ ಟಿವಿ, ಅವಕ್ಕೆ ಕ್ಯಾಸೆಟ್ ಹಾಕಿ ಆಡುವ ಮೂರು ಹಳೆ ಟಿವಿ ಗೇಮ್. ಶನಿವಾರ ಸಂಜೆ ಪಿಎಸ್5 ಖಾಲಿ ಇದ್ದರೂ ಆ ಮೂಲೆಯಲ್ಲಿ ಜನ ನಿಂತಿರುತ್ತಾರೆ. ಶುರು ಮಾಡಿದಾಗ ನಮ್ಮ ಭಾವ, "ಗುಜರಿ ಅಂಗಡಿ ಇಡ್ತೀಯೇನೋ?" ಅಂದಿದ್ದರು. ಇದೇ ಲೈನಿನಲ್ಲಿರುವ ಹುಬ್ಬಳ್ಳಿಯ ಗೆಳೆಯ, "ಒಂದು ತಿಂಗಳು ಫೋಟೋ ತೆಗೆಸ್ಕೊಳ್ಳೋಕೆ ಬರ್ತಾರೆ, ಆಮೇಲೆ ಯಾರೂ ಬರಲ್ಲ" ಅಂದ. ಮೊದಲ ನಾಲ್ಕು ತಿಂಗಳು ಅವನ ಮಾತು ನಿಜವೇ ಆಗಿತ್ತು.

ಎಲ್ಲರೂ ಮಾಡುವುದನ್ನೇ ನಾನೂ ಮೊದಲು ಮಾಡಿದೆ. ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್, ಎಂಟು ಸಾವಿರ ಗೇಮ್ ತುಂಬಿದ ಕಾರ್ಡ್, ಎರಡು ಯುಎಸ್‌ಬಿ ಜಾಯ್‌ಸ್ಟಿಕ್, 43 ಇಂಚಿನ ಎಲ್‌ಇಡಿ. ಟಿವಿ ಬಿಟ್ಟು ಹತ್ತು ಸಾವಿರದ ಹತ್ತಿರ ಆಯಿತು. ಗಿರಾಕಿ ಬಂದು ಕೂರುತ್ತಿದ್ದ. ಲಿಸ್ಟ್ ಓಡಿಸುತ್ತಿದ್ದ. ಒಂದು ಗೇಮ್ ಒತ್ತಿ ಅರ್ಧ ನಿಮಿಷ ಆಡಿ, "ಇದಲ್ಲ" ಅಂತ ಹೊರಗೆ ಬಂದು ಮತ್ತೆ ಲಿಸ್ಟ್ ಓಡಿಸುತ್ತಿದ್ದ. ಒಬ್ಬರಂತೂ ಇಪ್ಪತ್ತು ನಿಮಿಷ ಬರೀ ಲಿಸ್ಟ್ ನೋಡಿ ಎದ್ದು ಹೋದರು. ನಾವು ಚಿಕ್ಕವರಿದ್ದಾಗ ಮನೆಯಲ್ಲಿ ಇದ್ದದ್ದೇ ಎರಡೋ ಮೂರೋ ಕ್ಯಾಸೆಟ್, ಅಲ್ವಾ? ಮೇಲೆ 9999999 ಇನ್ 1 ಅಂತ ಬರೆದಿರುತ್ತಿತ್ತು. ಅಂಥದ್ದೊಂದನ್ನು ಕೂತು ಎಣಿಸಿದ್ದೇನೆ. ಒಳಗೆ ಅಸಲಿಗೆ ಇದ್ದದ್ದು ಏಳೋ ಎಂಟೋ ಗೇಮ್. ಉಳಿದದ್ದೆಲ್ಲ ಅವೇ ಗೇಮ್, ಬೇರೆ ಬೇರೆ ಲೆವೆಲ್‌ನಿಂದ ಶುರು.

ಎರಡನೇ ದೂರು ಇನ್ನೂ ದೊಡ್ಡದು. "ಅಣ್ಣಾ, ಜಂಪ್ ಲೇಟಾಗಿ ಬರ್ತಿದೆ." ಒಬ್ಬರಲ್ಲ, ಹತ್ತು ಜನ ಹೇಳಿದರು. ಟಿವಿಯಲ್ಲಿ ಗೇಮ್ ಮೋಡ್ ಹಾಕಿದೆ, ಸ್ವಲ್ಪ ಕಡಿಮೆ ಆಯಿತು. ಪೂರ್ತಿ ಹೋಗಲಿಲ್ಲ. ಪೈ ತೆಗೆದು ಹಳೆ ಟಿವಿ ಗೇಮನ್ನೇ ಎವಿ ವಯರ್‌ನಲ್ಲಿ ಎಲ್‌ಇಡಿಗೆ ಕೊಟ್ಟೆ. ಆಗ ಇನ್ನೊಂದು ತೊಂದರೆ. ಏಟು ಬಿದ್ದ ಮೇಲೆ ಮಾರಿಯೋ ಮಿಣುಕುತ್ತಾನಲ್ಲ, ಆ ಹೊತ್ತಿನಲ್ಲಿ ಅವನು ಪರದೆಯಿಂದ ಪೂರ್ತಿ ಮಾಯವಾಗುತ್ತಿದ್ದ. ಹಳೆ ಸಿಗ್ನಲ್ಲನ್ನು ಎಲ್‌ಇಡಿ ತನಗೆ ತೋಚಿದ ಹಾಗೆ ಬೆಸೆದು ತೋರಿಸುತ್ತದೆ. ಆವತ್ತೇ ಡಬ್ಬಾ ಟಿವಿ ಹುಡುಕಲು ಹೊರಟೆ.

ಡಬ್ಬಾ ಟಿವಿ ನನಗೆ ಜಾಸ್ತಿ ದುಡ್ಡು ತಿನ್ನಿಸಿತು. ಗುಜರಿಯಲ್ಲಿ 21 ಇಂಚಿನದು ನಾನೂರರಿಂದ ಏಳುನೂರಕ್ಕೆ ಸಿಗುತ್ತದೆ, ನಿಜ. ಮೊದಲು ತಂದ ಐದರಲ್ಲಿ ಮೂರು ಹೋದವು. ಒಂದರಲ್ಲಿ ಹೊರಿಜಾಂಟಲ್ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟಿತ್ತು. ಸುಮ್ನೆ ಹೊಸದು ಹಾಕಿದೆ, ಪಟ್ ಅಂತ ಹೋಯಿತು. ಇನ್ನೊಂದು ಹಾಕಿದೆ, ಅದೂ ಹೋಯಿತು. ಮೂರನೇದು ಹೋದ ಮೇಲೆ ಎಲ್‌ಒಟಿ, ಅಂದರೆ ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್, ಶಾರ್ಟ್ ಆಗಿದೆ ಅಂತ ಗೊತ್ತಾಯಿತು. ಈಗ ಯಾವ ಟಿವಿ ಬಂದರೂ ಮೊದಲು ಸೀರೀಸ್‌ನಲ್ಲಿ 100 ವ್ಯಾಟ್ ಬಲ್ಬ್, ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿದು ತೋರಿಸುತ್ತದೆ. ಆಮೇಲೆ ಉಳಿದ ಮಾತು. ಎರಡನೇದರಲ್ಲಿ ಟ್ಯೂಬೇ ಸುಸ್ತಾಗಿತ್ತು, ಕೆಂಪು ಬಣ್ಣ ಬರಲೇ ಇಲ್ಲ. ಮೂರನೇದನ್ನು ಆಟೋದಲ್ಲಿ ತರುವಾಗ ಹಿಂದಿನ ಕವರ್ ಬಿಚ್ಚಿಟ್ಟಿದ್ದೆ. ರಸ್ತೆ ಗುಂಡಿಯಲ್ಲಿ ಆಟೋ ಹಾರಿದಾಗ ಟ್ಯೂಬಿನ ಕುತ್ತಿಗೆಗೆ ಸ್ಟೀರಿಯೋ ಡಬ್ಬ ತಗುಲಿತು. ಸುಯ್ ಅಂತ ಗಾಳಿ ಒಳಗೆ ನುಗ್ಗಿದ ಸದ್ದು ಕೇಳಿತು. ಅಷ್ಟೇ, ಮುಗೀತು. ಆ ಟಿವಿಯ ಚಿತ್ರ ಐದರಲ್ಲೇ ಚೆನ್ನಾಗಿತ್ತು. ಅದರ ಬೋರ್ಡ್ ಇವತ್ತಿಗೂ ಬಿಡಿಭಾಗಕ್ಕೆ ಇಟ್ಟುಕೊಂಡಿದ್ದೇನೆ.

ಈಗ ಒಳ್ಳೆ ಟ್ಯೂಬ್ ಎಲ್ಲಿ ಸಿಗುತ್ತದೆ ಅಂತ ನನಗೆ ಗೊತ್ತು. ಗುಜರಿಯಲ್ಲಲ್ಲ, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರಸ್ತೆಯಲ್ಲೂ ಅಲ್ಲ. ಜಾಗದ ಹೆಸರು ಹೇಳುವುದಿಲ್ಲ. ಟಿವಿ ಹೆಚ್ಚು ವರ್ಷ ಇದ್ದರೂ ಕಡಿಮೆ ಗಂಟೆ ಓಡಿದ ಜಾಗ ಯಾವುದು ಅಂತ ಯೋಚಿಸಿ, ಹೊಳೆಯುತ್ತದೆ.

ಜಾಯ್‌ಸ್ಟಿಕ್ ಬಗ್ಗೆ ಎರಡೇ ಮಾತು. ಒಳಗಿನ ಕಪ್ಪು ರಬ್ಬರ್ ಸವೆದಾಗ ಪೆನ್ಸಿಲ್ ಸೀಸ ತಿಕ್ಕುವುದು ಎಲ್ಲರಿಗೂ ಗೊತ್ತು, ಪಾರ್ಲರ್‌ನಲ್ಲಿ ಅದು ವಾರ ಬಂದರೆ ಹೆಚ್ಚು. ನಾನು ಹಚ್ಚುವುದು ಬೇರೆ. ಎಂಟು ತಿಂಗಳಾಯಿತು, ಬಟನ್ ಇನ್ನೂ ಹೊಸದರ ಹಾಗೆ ಒತ್ತುತ್ತವೆ. ಅದು ನನ್ನ ಹತ್ತಿರವೇ ಇರಲಿ.

ಡಬ್ಬಾ ಟಿವಿ ಕೂತ ಮೇಲೆ ಲೇಟ್ ಅನ್ನುವ ದೂರು ನಿಂತಿತು. ಆದರೆ ನನಗೆ ನಿಜವಾಗಿ ಕಣ್ಣು ತೆರೆಸಿದ್ದು ಗೆಳೆಯನೊಬ್ಬ ತಂದ ಜಪಾನಿನ ನಿಂಟೆಂಡೊ ಕಂಪನಿಯ ಅಸಲಿ ಫ್ಯಾಮಿಕಾಮ್. 1983ರಲ್ಲಿ ಜಪಾನಿನಲ್ಲಿ ಬಂದ ಮೆಷೀನ್. ನಾವೆಲ್ಲ ಆಡಿದ್ದು ಅದರ ನಕಲಿನಲ್ಲಿ. ಎವಿ ಔಟ್ ಬೆಸುಗೆ ಹಾಕಿ, ಜಪಾನಿನ ಎನ್‌ಟಿಎಸ್‌ಸಿ ಸಿಗ್ನಲ್ ಓದುವ ಟಿವಿಗೆ ಸೇರಿಸಿ ಮಧ್ಯದಲ್ಲಿಟ್ಟೆ. ಅಸಲಿ ಮಾಲು, ಜನ ಮುಗಿಬೀಳುತ್ತಾರೆ ಅಂದುಕೊಂಡೆ.

ನಮ್ಮಲ್ಲಿಗೆ ಪ್ರತಿ ಶನಿವಾರ ಬ್ಯಾಂಕಿನವರೊಬ್ಬರು ಬರುತ್ತಾರೆ, ನಲವತ್ತು ದಾಟಿದವರು. ಮಾರಿಯೋದಲ್ಲಿ ಅವರ ಕೈ ಬಹಳ ಚೆನ್ನ. 1-2ರಲ್ಲಿ, ಅಂದರೆ ಮೊದಲ ವರ್ಲ್ಡ್‌ನ ಎರಡನೇ ಸ್ಟೇಜಿನಲ್ಲಿ, ಮೇಲೆ ಹತ್ತಿ ಪೈಪಿನ ಕೋಣೆಗೆ ಹೋಗಿ ಸೀದಾ ನಾಲ್ಕನೇ ವರ್ಲ್ಡ್‌ಗೆ ಇಳಿಯುತ್ತಾರೆ. ಅವರು ಅಸಲಿ ಮೆಷೀನ್‌ನಲ್ಲಿ 1-1ರ ಮೊದಲ ಗುಂಡಿಗೇ ಬಿದ್ದರು. ಮತ್ತೆ ಬಿದ್ದರು. ಜಾಯ್‌ಸ್ಟಿಕ್ ಕೆಳಗಿಟ್ಟು, "ಇದು ನಮ್ಮ ಮಾರಿಯೋ ಅಲ್ಲ ಕಣ್ರೀ. ಹಾಡೂ ಬೇರೆ ಥರ ಇದೆ" ಅಂದರು.

ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಎರಡೂ ಮೆಷೀನನ್ನು ಅಕ್ಕಪಕ್ಕ ಇಟ್ಟು ಒಟ್ಟಿಗೆ ಸ್ಟಾರ್ಟ್ ಒತ್ತಿದೆ. ಪರದೆ ಮೇಲಿನ ಟೈಮ್ ಎಣಿಕೆಯಲ್ಲೇ ಗೊತ್ತಾಯಿತು. ಜಪಾನಿನದು ಸೆಕೆಂಡಿಗೆ 60 ಫ್ರೇಮಿನಲ್ಲಿ (ಫ್ರೇಮ್ ಅಂದರೆ ಪರದೆ ಮೇಲಿನ ಒಂದು ಚಿತ್ರ) ಓಡುತ್ತದೆ, ನನ್ನ ಹತ್ತಿರ ಇರುವ ನಕಲುಗಳು ನಮ್ಮ ಕಡೆಯ ಪಾಲ್ ಸಿಗ್ನಲ್ಲಿನ ಟಿವಿಗೆ ಮಾಡಿದವು, 50ರಲ್ಲಿ ಓಡುತ್ತವೆ. ಈ ಗೇಮ್‌ಗಳು ಫ್ರೇಮಿಗೊಂದು ಹೆಜ್ಜೆ ಇಡುತ್ತವೆ. ಹಾಗಾಗಿ ಆರರಲ್ಲಿ ಒಂದು ಭಾಗ ನಿಧಾನ. ಹಾಡಿನ ವಿಷಯವೂ ಸರಿ. ಅಗ್ಗದ ಚಿಪ್‌ನಲ್ಲಿ ಸ್ವರದ ಗುಣ ತೀರ್ಮಾನಿಸುವ ಪಲ್ಸ್ ಅಗಲ ಕಾಲು ಇರಬೇಕಾದಲ್ಲಿ ಅರ್ಧ, ಅರ್ಧ ಇರಬೇಕಾದಲ್ಲಿ ಕಾಲು. ಅದಲುಬದಲು. ಆ ಸ್ವಲ್ಪ ಮೂಗಿನಲ್ಲಿ ಹಾಡಿದಂಥ ಸ್ವರವೇ ನಮ್ಮ ಕಿವಿಯಲ್ಲಿ ಕೂತಿದೆ. ನಮ್ಮ ಹೆಬ್ಬೆರಳು ಆ ನಿಧಾನದ ಓಟಕ್ಕೇ ಪಳಗಿದೆ. ಪೈ ಕೂಡ ಸುಮ್ನೆ 60ರಲ್ಲೇ ಓಡುತ್ತಿತ್ತು! ನಾನು ಮೂರು ತಿಂಗಳು ಟಿವಿಯನ್ನಷ್ಟೇ ಬೈಯುತ್ತಾ ಕೂತಿದ್ದೆ.

ಫ್ಯಾಮಿಕಾಮ್ ಮರಳಿ ಕೊಟ್ಟೆ. ನಕಲಿ ಮೆಷೀನೇ ಸಾಕು ಅಂತ ತೀರ್ಮಾನ ಮಾಡಿದೆ. ಹಳೆ ಮಾಲು, ದೊಡ್ಡ ಬೋರ್ಡ್ ಇರುವುದು. ಈಗ ಅಂಗಡಿಯಲ್ಲಿ ಸಿಗುವ, ಒಳಗೆ ಬಿಡಿ ಚಿಪ್‌ಗಳ ಬದಲು ಕಪ್ಪು ಡಾಂಬರಿನಂಥ ಚುಕ್ಕೆ ಇರುವುದು ಬೇಡ. ನಾನು ತಂದ ಮೂರರಲ್ಲಿ ಮೂರೂ ಬಣ್ಣ ತಪ್ಪು ತೋರಿಸಿದವು. ಪೈ ಬಿಸಾಕಲೇಬೇಕಿಲ್ಲ. ಹಳೆ ಮೆಷೀನಿನ ಹಾಗೆ ಗೇಮ್ ಓಡಿಸುವ ಸಾಫ್ಟ್‌ವೇರ್, ಅಂದರೆ ಕೆಲವು ಎಮ್ಯುಲೇಟರ್‌ಗಳಲ್ಲಿ ಡೆಂಡಿ ಅಂತ ಒಂದು ಸೆಟ್ಟಿಂಗ್ ಇದೆ. ಡೆಂಡಿ ರಷ್ಯಾದಲ್ಲಿ 1992ರಿಂದ ಮಾರಾಟವಾದ ಇಂಥದ್ದೇ ನಕಲು. ಅದನ್ನು ಹಾಕಿದರೆ ನಮ್ಮ ಓಟ ಬರುತ್ತದೆ. ಬ್ಯಾಂಕಿನವರನ್ನು ಕೂರಿಸಿ ನೋಡಿದೆ, "ಹಾಂ, ಇದು ಪರವಾಗಿಲ್ಲ" ಅಂದರು.

ಇಷ್ಟಾದರೂ ವ್ಯಾಪಾರ ಆಗಲಿಲ್ಲ. ಗಂಟೆಗೆ ಅರವತ್ತು ರೂಪಾಯಿ ಇಟ್ಟಿದ್ದೆ, ಪಿಎಸ್5ನ ಅರ್ಧ. ಜನ ಖುಷಿಯಾಗಿ ಕೂರುತ್ತಿದ್ದರು. ಹದಿನೈದು, ಇಪ್ಪತ್ತು ನಿಮಿಷಕ್ಕೆ ಮುಖ ಸಪ್ಪಗಾಗುತ್ತಿತ್ತು. ಸತ್ತರೆ ಸ್ಟಾರ್ಟ್, ಸತ್ತರೆ ಸ್ಟಾರ್ಟ್. ಗಂಟೆ ಮುಗಿಯುವ ಮೊದಲೇ ಎದ್ದು ಹೋಗುತ್ತಿದ್ದರು, ಮತ್ತೆ ಬರುತ್ತಿರಲಿಲ್ಲ. ಹುಬ್ಬಳ್ಳಿ ಗೆಳೆಯ ಹೇಳಿದ್ದು ಇದನ್ನೇ.

ಒಂದು ರಾತ್ರಿ ಶಟರ್ ಎಳೆಯುವಾಗ ನಾನು ಎಂಟನೇ ಕ್ಲಾಸಿನಲ್ಲಿ ಆಡುತ್ತಿದ್ದ ಮುಸ್ತಫಾ ನೆನಪಾಯಿತು. ಬಸ್ ಸ್ಟ್ಯಾಂಡ್ ಪಕ್ಕದ ಕಾಯಿನ್ ಮೆಷೀನ್. ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್ ಅಂತ ಅದರ ನಿಜವಾದ ಹೆಸರು ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಒಂದು ರೂಪಾಯಿ ಹಾಕಿದರೆ ಆಟ. ಜೇಬಿನಲ್ಲಿ ಎರಡೇ ನಾಣ್ಯ ಇದ್ದಾಗ ಒಂದೊಂದು ಏಟನ್ನೂ ಎಷ್ಟು ಎಚ್ಚರದಿಂದ ಹೊಡೆಯುತ್ತಿದ್ದೆವು! ಅಲ್ಲಿ ಯಾರೂ ಗಡಿಯಾರ ನೋಡುತ್ತಿರಲಿಲ್ಲ. ನೋಡುತ್ತಿದ್ದದ್ದು ಎಷ್ಟು ಲೈಫ್ ಉಳಿದಿದೆ ಅಂತ.

ಮರುದಿನವೇ ಗಂಟೆ ಬೋರ್ಡ್ ಕಿತ್ತು ಹಾಕಿದೆ. ಒಂದು ಆಟಕ್ಕೆ ಇಪ್ಪತ್ತು ರೂಪಾಯಿ. ಲೈಫ್ ಇರುವ ಗೇಮ್‌ನಲ್ಲಿ ಮೂರು ಲೈಫ್. ಗೇಮ್ ಓವರ್ ಅಂತ ಬಂದರೆ ಎದ್ದು ಮುಂದಿನವರಿಗೆ ಬಿಡಬೇಕು. ಕಾಂಟ್ರಾದಲ್ಲಿ ಮೂವತ್ತು ಲೈಫಿನ ಕೋಡ್ ಹಾಕುವುದಾದರೆ ಅರವತ್ತು. ಗೇಮ್ ಆರೇ: ಮಾರಿಯೋ, ಕಾಂಟ್ರಾ, ಟ್ಯಾಂಕ್, ರೋಡ್ ಫೈಟರ್, ಅಡ್ವೆಂಚರ್ ಐಲ್ಯಾಂಡ್, ಡಕ್ ಹಂಟ್. ಭಾವ ತಲೆ ಚಚ್ಚಿಕೊಂಡರು. "ಆಡೋಕೆ ಬರೋನು ಇಪ್ಪತ್ತು ರೂಪಾಯಿಗೆ ಎರಡು ಗಂಟೆ ಕೂತುಬಿಟ್ಟರೆ?" ಅಂತ. ಅಷ್ಟು ಆಡುವವರು ನಮ್ಮಲ್ಲಿಗೆ ಬರುವವರಲ್ಲಿ ಮೂರೇ ಜನ. ಅವರು ಆಡುವಾಗ ಹಿಂದೆ ಹತ್ತು ಜನ ನಿಂತು ನೋಡುತ್ತಾರೆ, ಆ ಹತ್ತರಲ್ಲಿ ಐದು ಜನ ಆಮೇಲೆ ಆಡುತ್ತಾರೆ. ಹೊಸಬರ ಆಟ ಎರಡು ಮೂರು ನಿಮಿಷಕ್ಕೆ ಮುಗಿಯುತ್ತದೆ, ತಕ್ಷಣ ಇನ್ನೊಂದು ಇಪ್ಪತ್ತು ಕೊಡುತ್ತಾರೆ. ಮೊದಲ ಭಾನುವಾರವೇ ಎಂಟುನೂರು ಚಿಲ್ಲರೆ ಆಯಿತು. ಗಂಟೆ ಲೆಕ್ಕದಲ್ಲಿ ಇಡೀ ವಾರ ಅಷ್ಟು ಆಗುತ್ತಿರಲಿಲ್ಲ.

ಹೋದ ತಿಂಗಳು ಅಪ್ಪ, ಮಗಳು ಬಂದಿದ್ದರು. ಹುಡುಗಿಗೆ ಹನ್ನೊಂದು ಹನ್ನೆರಡು ವಯಸ್ಸು. ಕಾಂಟ್ರಾ ಇಬ್ಬರೂ ಒಟ್ಟಿಗೆ. ಮೂರನೇ ಸ್ಟೇಜ್ ಜಲಪಾತ, ಮೇಲೆ ಹತ್ತುತ್ತಾ ಹೋಗಬೇಕು. ಒಬ್ಬ ಬೇಗ ಹತ್ತಿದರೆ ಕೆಳಗಿನವನು ಪರದೆಯ ಅಂಚಿಗೆ ಸಿಕ್ಕಿ ಸಾಯುತ್ತಾನೆ. ಅಪ್ಪ ಹಳೆ ಹುರುಪಿನಲ್ಲಿ ಹತ್ತಿಬಿಟ್ಟರು. "ಅಪ್ಪಾ, ನಿಲ್ಲು, ನಿಲ್ಲಪ್ಪಾ!" ಅಂತ ಹುಡುಗಿ ಕೂಗಿದಳು. ಅವಳದು ಒಂದು ಲೈಫ್ ಹೋಯಿತು. ಆಮೇಲೆ ಅಪ್ಪ ಒಂದೊಂದು ಕಲ್ಲಿನ ಮೇಲೂ ನಿಂತು, ಅವಳು ಬರುವವರೆಗೆ ಕಾದು, ಇಬ್ಬರೂ ಒಟ್ಟಿಗೆ ಹಾರುತ್ತಾ ಮೇಲೆ ಹೋದರು. ಜಾಯ್‌ಸ್ಟಿಕ್ ವಯರ್ ಗಿಡ್ಡ, ಹಾಗಾಗಿ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಉದ್ದ ವಯರ್ ಹಾಕೋಣ ಅಂತ ಮೊದಲು ತಂದಿಟ್ಟಿದ್ದೆ. ಅದನ್ನು ಹಾಕಲಿಲ್ಲ.

ಹಳೆಯದು ಮೇಲು, ಹೊಸದು ಕೀಳು ಅನ್ನುವ ವಾದ ನನಗೆ ಬೇಡ. ಅಂಗಡಿ ಬಾಡಿಗೆ ಕಟ್ಟುವುದು ಪಿಎಸ್5. ಅದರಲ್ಲಿ ಕಥೆ ಇರುವ ಒಳ್ಳೊಳ್ಳೆ ಗೇಮ್‌ಗಳಿವೆ, ರಾತ್ರಿ ಮನೆಯಲ್ಲಿ ನಾನೂ ಆಡುತ್ತೇನೆ. ಪಾರ್ಲರ್‌ಗೆ ಅವು ಹೊಂದುವುದಿಲ್ಲ ಅಷ್ಟೇ. ಮೊದಲ ಇಪ್ಪತ್ತು ನಿಮಿಷ ಕಥೆ ತೋರಿಸಿ, ಬಟನ್ ಕಲಿಸಿ, ಆಮೇಲೆ ಆಟ. ಗಂಟೆಗೆ ದುಡ್ಡು ಕೊಟ್ಟವರಿಗೆ ಅಷ್ಟು ಪುರುಸೊತ್ತು ಎಲ್ಲಿದೆ? ಹಾಗಾಗಿ ನಮ್ಮಲ್ಲಿ ಓಡುವುದು ಫುಟ್‌ಬಾಲ್, ಫೈಟಿಂಗ್, ಕಾರು. ಐದು ಸಾವಿರದ ಡಿಸ್ಕ್ ತಂದು, ಅದು 100 ಜಿಬಿ ಇಳಿಯುವವರೆಗೆ ಮೆಷೀನ್ ಖಾಲಿ ಕೂರಿಸಿದ ಶನಿವಾರಗಳಿವೆ. 1985ರ ಮಾರಿಯೋ ಇಡೀ ಗೇಮ್ 40 ಕೆಬಿ. ಸ್ವಿಚ್ ಹಾಕಿದ ಐದು ಸೆಕೆಂಡಿಗೆ ಎದುರಿನಿಂದ ಕಂದು ಅಣಬೆ ನಡೆದು ಬರುತ್ತದೆ. ತಾಗಿದರೆ ಸಾವು, ಹಾರಿದರೆ ಬದುಕು. ಹಿಂದೆ ನಿಂತು ನೋಡುವ ಅಜ್ಜಿಗೂ ಅಷ್ಟರಲ್ಲಿ ಆಟ ಗೊತ್ತಾಗಿರುತ್ತದೆ.

ಡಕ್ ಹಂಟ್ ಗನ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಎಲ್‌ಇಡಿಯಲ್ಲಿ ಆಗುವುದಿಲ್ಲ, ದುಡ್ಡು ಹಾಕಬೇಡಿ. ಟ್ರಿಗರ್ ಒತ್ತಿದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಜಾಗದಲ್ಲಿ ಬಿಳಿ ಚೌಕ ಬರುತ್ತದೆ, ಗನ್ ಆ ಬೆಳಕನ್ನು ಹುಡುಕುತ್ತದೆ. ಎಲ್‌ಇಡಿ ಅದನ್ನು ತೋರಿಸುವಷ್ಟರಲ್ಲಿ ಗೇಮ್ ಮುಂದೆ ಹೋಗಿರುತ್ತದೆ. ಡಬ್ಬಾ ಟಿವಿಯಲ್ಲೂ ಬ್ರೈಟ್‌ನೆಸ್ ಸ್ವಲ್ಪ ಏರಿಸಿಡಿ, ಎದುರಿಗೆ ಟ್ಯೂಬ್‌ಲೈಟ್ ಬೇಡ.

ಲೆಕ್ಕ ಹೀಗಿದೆ. ಕೆಟ್ಟ ಟಿವಿ, ಪೈ, ಬಿಸಾಕಿದ ಜಾಯ್‌ಸ್ಟಿಕ್ ಎಲ್ಲ ಸೇರಿ ಮೂವತ್ತೈದು, ನಲವತ್ತು ಸಾವಿರ ಹೋಗಿದೆ. ಈಗ ಗೊತ್ತಿರುವುದು ಆಗಲೇ ಗೊತ್ತಿದ್ದರೆ ಹನ್ನೆರಡು ಸಾವಿರದಲ್ಲಿ ಮೂರು ಸೀಟು ಆಗುತ್ತಿತ್ತು. ವಾರದ ದಿನ ಮುನ್ನೂರು, ನಾನೂರು. ಶನಿವಾರ, ಭಾನುವಾರ ಸೇರಿ ಎರಡು ಸಾವಿರ ದಾಟುತ್ತದೆ. ಬೇಸಿಗೆ ರಜೆಯಲ್ಲಿ ಇನ್ನೂ ಜಾಸ್ತಿ. ಹುಬ್ಬಳ್ಳಿ ಗೆಳೆಯ ಹೋದ ವಾರ ಫೋನ್ ಮಾಡಿ, ಎರಡು ಡಬ್ಬಾ ಟಿವಿ ರೆಡಿ ಮಾಡಿಕೊಡು ಅಂದಿದ್ದಾನೆ.

ಮುಂದಿನ ಕೆಲಸ ಮುಸ್ತಫಾ. ಬೋರ್ಡ್ ಸಿಕ್ಕಿದೆ, ನಕಲು ಬೋರ್ಡೇ, ಓಡುತ್ತಿದೆ. ಮರದ ಕ್ಯಾಬಿನೆಟ್ ಬಡಗಿ ಹತ್ತಿರ ಇದೆ. ಸಿಕ್ಕಿಕೊಂಡಿರುವುದು ಕಾಯಿನ್ ಬಾಕ್ಸ್‌ನಲ್ಲಿ. ಅದು ಹಳೆ ದೊಡ್ಡ ಒಂದು ರೂಪಾಯಿಗೆ ಮಾಡಿದ್ದು, 25 ಮಿಲಿಮೀಟರ್. 2011ರ ನಂತರದ ನಾಣ್ಯ 22 ಇದೆ, ಹಾಕಿದರೆ ಸೀದಾ ಕೆಳಗೆ ಬಂದು ಬೀಳುತ್ತದೆ, ಕ್ರೆಡಿಟ್ ಏರುವುದಿಲ್ಲ. ಬಾಕ್ಸ್ ತಿದ್ದಬಹುದು. ನಾನು ತಿದ್ದಲಿಲ್ಲ. ಕಿರಾಣಿ ಅಂಗಡಿಯವರಿಗೆ, ದೇವಸ್ಥಾನದ ಹತ್ತಿರ ಹೂ ಮಾರುವವರಿಗೆ ಹೇಳಿಟ್ಟು ದೊಡ್ಡ ನಾಣ್ಯ ಕೂಡಿಸುತ್ತಿದ್ದೇನೆ. ಒಂದು ಹಾರ್ಲಿಕ್ಸ್ ಬಾಟಲಿ ತುಂಬಿದೆ, ನೂರೈವತ್ತರ ಮೇಲಿರಬೇಕು. ಇಪ್ಪತ್ತು ರೂಪಾಯಿ ಕೊಟ್ಟವರ ಕೈಗೆ ಅದರಲ್ಲಿ ಎರಡು ನಾಣ್ಯ ಕೊಡುತ್ತೇನೆ. ರಾತ್ರಿ ಬಾಕ್ಸ್ ತೆರೆದು ಮತ್ತೆ ಬಾಟಲಿಗೆ ಹಾಕಿಡುವುದು.