ಪಕ್ಕದ ತೋಟದ ಎಂಜಿನ್ ಸದ್ದಿಗೆ ಕಿವಿಗೊಡದೆ ಹೂ ಬಿಡಿಸಿದ್ದು

ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಫೆಬ್ರವರಿ ಕಾಲಿಟ್ಟರೆ ಕೋಳಿ ಕೂಗುವ ಮೊದಲೇ ಕೆರೆ ಏರಿಗಳ ಮೇಲೆ ಡೀಸೆಲ್ ಎಂಜಿನ್‌ಗಳು ಕೂಗುತ್ತವೆ. ಒಬ್ಬರು ಜೆಟ್ (ಮಳೆಯಂತೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್) ಹಾಕಿದರೆ ಸಾಕು, ವಾರದೊಳಗೆ ಊರೆಲ್ಲ ಹಾಕುತ್ತದೆ. ಹತ್ತು ಹನ್ನೆರಡು ವರ್ಷ ನಾನೂ ಹಾಗೆಯೇ ಹಾಕಿದವನು. ಈಗ ಚಳಿ ಕಳೆದು ಬಿಸಿಲು ಬಲಿಯುವುದನ್ನು ದಿನವೂ ನೋಡಿ, ಬರೆದಿಟ್ಟು, ಆ ಲೆಕ್ಕದ ಮೇಲೆ ರೋಬಸ್ಟಾ ಕಾಫಿಗೆ ಹೂವಿನ ನೀರು, ಅಂದರೆ ಮೊಗ್ಗು ಅರಳಿಸುವ ನೀರು, ಕೊಡುತ್ತೇನೆ. ಮೊದಲ ಮೂರ್ನಾಲ್ಕು ವರ್ಷ ನಮ್ಮ ಮನೆಯವರೂ ನಂಬಲಿಲ್ಲ. ಈಗ ಕೇಳಿಕೊಂಡು ಬರುವವರು ಹೆಚ್ಚಾಗಿದ್ದಾರೆ, ಅದಕ್ಕಾಗಿ ಬರೆಯುತ್ತಿದ್ದೇನೆ.

ಇದಕ್ಕೆಲ್ಲ ಮೂಲ 2018ರ ಪೆಟ್ಟು. ನನ್ನದು 12 ಎಕರೆ. ಕೆರೆಯಲ್ಲಿರುವುದು ಎರಡು ಸುತ್ತಿಗೆ ಸರಿಹೋಗುವಷ್ಟು ನೀರು, ಮೂರನೆಯದಕ್ಕೆ ಇಲ್ಲ. ಆ ವರ್ಷ ಪಕ್ಕದವರ ಎಂಜಿನ್ ಕೇಳಿ ಫೆಬ್ರವರಿ 8ಕ್ಕೆ ನಾನೂ ಚಾಲೂ ಮಾಡಿದೆ. ರಾತ್ರಿ ಎರಡು ಕಂಬಳಿ ಹೊದೆಯುವ ಚಳಿ ಇನ್ನೂ ಇತ್ತು. ಅರ್ಧ ಮೊಗ್ಗು ಅರಳಿತು, ಉಳಿದರ್ಧ ಹಸಿರಾಗಿಯೇ ಕುಳಿತು ಮಾರ್ಚ್ ಮಳೆಗೆ ಮತ್ತೆ ಅರಳಿತು. ಎರಡು ಹೂವು, ಎರಡು ಬಾರಿ ಹಣ್ಣು, ಕೊಯ್ಲಿನಲ್ಲಿ ಎರಡು ಪಟ್ಟು ಆಳು. ಮೊದಲ ಸುತ್ತಿಗೆ ಡೀಸೆಲ್ ಮತ್ತು ಕೂಲಿ ಸೇರಿ 28 ಸಾವಿರದ ಹತ್ತಿರ ಹೋಗಿತ್ತು. ಬ್ಯಾಕಿಂಗ್, ಅಂದರೆ ಹೂವಾದ ಮೇಲೆ ಕಾಯಿ ಕಚ್ಚಲು ಕೊಡುವ ಎರಡನೇ ನೀರು, ಕೊಡುವ ಹೊತ್ತಿಗೆ ಕೆರೆ ತಳ ಕಂಡಿತ್ತು. 250 ಚೀಲದ ಆಸುಪಾಸು ಬರುತ್ತಿದ್ದ ತೋಟ 160ಕ್ಕೆ ಇಳಿಯಿತು. ಆ ಲೆಕ್ಕ ಬರೆದ ಪುಸ್ತಕದ ಹಿಂಬದಿಯಲ್ಲೇ, ಅದೇ ವರ್ಷದ ಡಿಸೆಂಬರ್‌ನಲ್ಲಿ, ನನ್ನ ಹವಾಮಾನದ ಲೆಕ್ಕ ಶುರುವಾಯಿತು.

ಮೊದಲು ಮಾಡಿದ ತಪ್ಪು ದುಡ್ಡು ಸುರಿದದ್ದು. 28–30 ಸಾವಿರ ಕೊಟ್ಟು ಮೊಬೈಲ್‌ಗೆ ಅಂಕಿ ಕಳಿಸುವ ಯಂತ್ರವನ್ನು ಕಣದ ಅಂಚಿನ ಕಂಬಕ್ಕೆ ಕಟ್ಟಿದೆ. ಅದರೊಳಗೆ ಇರುವೆ ಗೂಡು ಕಟ್ಟಿದವು, ಗಾಳಿ ಅಳೆಯುವ ಬಟ್ಟಲುಗಳನ್ನು ಮಂಗಗಳು ಕಿತ್ತವು, ಏಪ್ರಿಲ್ ಸಿಡಿಲಿಗೆ ಪೂರಾ ಸುಟ್ಟುಹೋಯಿತು. ಮಾರಿದವರು ಸಿಡಿಲಿಗೆ ಗ್ಯಾರಂಟಿ ಇಲ್ಲ ಎಂದರು. ಆಮೇಲೆ ಕೊಂಡದ್ದು ಸಾವಿರದ ಚಿಲ್ಲರೆಯ ಕನಿಷ್ಠ–ಗರಿಷ್ಠ ಥರ್ಮಾಮೀಟರ್ ಒಂದು. ಮಳೆ ಅಳೆಯುವ ಡಬ್ಬಿ ಅಜ್ಜನ ಕಾಲದ್ದೇ ಇತ್ತು. ಥರ್ಮಾಮೀಟರನ್ನು ಮನೆ ಗೋಡೆಗೆ ತಗುಲಿಸಬೇಡಿ. ಹೆಂಚಿನ ಮನೆ ರಾತ್ರಿಯೆಲ್ಲ ಹಗಲಿನ ಕಾವು ಬಿಡುತ್ತದೆ. ನನ್ನ ಮೊದಲ ವರ್ಷದ ಅಂಕಿಗಳೆಲ್ಲ ಎರಡು ಡಿಗ್ರಿ ಹೆಚ್ಚು. ಈಗ ಅದು ಕಾಫಿ ಗಿಡಗಳ ನಡುವೆ, ಎದೆಯೆತ್ತರದಲ್ಲಿ, ರಂಧ್ರ ಕೊರೆದ ಮರದ ಪೆಟ್ಟಿಗೆಯೊಳಗಿದೆ.

ನಮ್ಮಲ್ಲಿ ಜನವರಿಯಲ್ಲಿ ಬೆಳಗಿನ ಕನಿಷ್ಠ 12–13 ಡಿಗ್ರಿ. ಅದು ಸತತ ಐದು ರಾತ್ರಿ 16ರ ಕೆಳಗೆ ಇಳಿಯದಿದ್ದರೆ ಚಳಿ ಹೋಗುತ್ತಿದೆ ಎಂದು ಪುಸ್ತಕದಲ್ಲಿ ನಾನು ಮೊದಲ ಗೆರೆ ಎಳೆಯುತ್ತೇನೆ. ಒಂದು ರಾತ್ರಿಯ ಮೋಡಕ್ಕೆ ಮೋಸ ಹೋಗಬಾರದು. ಮೋಡ ಕವಿದ ರಾತ್ರಿ ಎಲ್ಲ ಕಡೆಯೂ ಬೆಚ್ಚಗೇ ಇರುತ್ತದೆ, ಮೋಡ ಚದುರಿದ ಮಾರನೆಯ ದಿನ ಚಳಿ ಮತ್ತೆ ಹಾಜರು.

ಎರಡನೆಯದು ಇಬ್ಬನಿ. ಒಂದು ಗಜ ಮಲ್ಲು ಬಟ್ಟೆಯನ್ನು ಒಣಗಿಸಿ ತೂಗಿ, ರಾತ್ರಿ ಎಂಟಕ್ಕೆ ಕಣದ ತಂತಿಗೆ ಹಾಕುತ್ತೇನೆ. ಬೆಳಿಗ್ಗೆ ಆರಕ್ಕೆ ಅಡುಗೆಮನೆಯ ತಕ್ಕಡಿಯಲ್ಲಿ ಮತ್ತೆ ತೂಕ. ಜನವರಿಯಲ್ಲಿ 60–70 ಗ್ರಾಂ ಹೆಚ್ಚಾಗುತ್ತದೆ, ಫೆಬ್ರವರಿ ಕೊನೆಗೆ 10–15. ಹೆಂಡತಿ ಮೊದಮೊದಲು ಬೇಸರ ಮಾಡಿಕೊಂಡಳು, ಈಗ ನಾನು ಊರಲ್ಲಿಲ್ಲದ ದಿನ ಅವಳೇ ತೂಗಿ ಬರೆದಿಡುತ್ತಾಳೆ.

ಗಾಳಿಗೆ ಉಪಕರಣ ಬೇಡ. ಮಧ್ಯಾಹ್ನ ಮೂರಕ್ಕೆ ಬಚ್ಚಲ ಒಲೆಯ ಹೊಗೆ ನೋಡುತ್ತೇನೆ. ಚಳಿಗಾಲದಲ್ಲಿ ಮೂಡಗಾಳಿ ಅದನ್ನು ಗದ್ದೆಯ ಕಡೆಗೆ ಒಯ್ಯುತ್ತದೆ. ಹೊಗೆ ತಿರುಗಿ ಕಣದ ಮೇಲೆ ಬರತೊಡಗಿದರೆ ಪಡುಗಾಳಿ ಘಟ್ಟ ಹತ್ತುತ್ತಿದೆ ಎಂದರ್ಥ. ಇನ್ನೂ ಒಂದು ಗುರುತು ಕೆರೆಯ ಅಂಚಿನಲ್ಲಿ ನೋಡುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ತೋಟಕ್ಕೆ ಬಂದವರಿಗೆ ತೋರಿಸುತ್ತೇನೆ.

ಮರ, ಹಕ್ಕಿಗಳನ್ನೂ ಬಿಡಲಿಲ್ಲ. ಬೂರುಗ ಯಾವಾಗ ಹೂ ಬಿಟ್ಟಿತು, ಹಾಲುವಾಣ ಯಾವಾಗ ಎಲೆ ಉದುರಿಸಿ ಕೆಂಪಾಯಿತು, ಹೊಂಗೆ ಯಾವಾಗ ಚಿಗುರಿತು, ಕುಟ್ರು ಹಕ್ಕಿ ಯಾವಾಗ ಬಿಡದೆ ಕೂಗತೊಡಗಿತು, ಎಲ್ಲವೂ ಪುಸ್ತಕದಲ್ಲಿವೆ. ಬೂರುಗ ನೀರಿನ ಲೆಕ್ಕಕ್ಕೆ ಉಪಯೋಗವಿಲ್ಲ, ತೀರಾ ಮೊದಲೇ ಅರಳುತ್ತದೆ. ಹೊಂಗೆ ತಡ. ಕುಟ್ರು ಜನವರಿಯಿಂದಲೇ ಕೂಗುತ್ತದೆ. ಕೆಲಸಕ್ಕೆ ಬಂದದ್ದು ಹಾಲುವಾಣ, ಅದೂ ಕಪಾತು ಮಾಡದ (ಕೊಂಬೆ ಕಡಿಯದ) ಮರ ಮಾತ್ರ. ನನ್ನಲ್ಲಿ ಅಂಥವು ಮೂರಿವೆ. ಆಳುಗಳ ಕತ್ತಿ ತಾಗದಂತೆ ಸುಣ್ಣದ ಗುರುತು ಹಾಕಿದ್ದೇನೆ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎಂಬ ಮಾತನ್ನೂ ಪರೀಕ್ಷಿಸಿದೆ. 2021ರಲ್ಲಿ ಶಿವರಾತ್ರಿ ಮಾರ್ಚ್ 11ಕ್ಕೆ ಬಂತು. ಚಳಿ ಅದಕ್ಕಿಂತ ಎರಡು ವಾರ ಮೊದಲೇ ಹೋಗಿತ್ತು. 2023ರಲ್ಲಿ ಫೆಬ್ರವರಿ 18ಕ್ಕೇ ಬಂತು. ಆ ಬೆಳಿಗ್ಗೆ ಪೆಟ್ಟಿಗೆಯಲ್ಲಿ 13 ಡಿಗ್ರಿ ಇತ್ತು. ಚಾಂದ್ರಮಾನದ ಹಬ್ಬ ಮೂರು ವಾರ ಹಿಂದೆ ಮುಂದೆ ಓಡಾಡುತ್ತದೆ, ಚಳಿ ಹೋಗುವುದು ಸೂರ್ಯನ ಲೆಕ್ಕಕ್ಕೆ. ಮಾತು ಚೆನ್ನಾಗಿದೆ, ಅದನ್ನು ನಂಬಿ ಎಂಜಿನ್ ಚಾಲೂ ಮಾಡಲಾಗದು.

ಕೊನೆಯ ಮಾತು ಮೊಗ್ಗಿನದು. ಬೆಳಗಿನ ಬೆಳಕಿನಲ್ಲಿ ಗಿಡದ ರೆಕ್ಕೆಯನ್ನು (ಅಡ್ಡ ಕೊಂಬೆಯನ್ನು) ತಿರುಗಿಸಿ ಗಿಣ್ಣಿನ ಬುಡಕ್ಕೆ ಭೂತಗನ್ನಡಿ ಹಿಡಿಯಬೇಕು. ಎಳೆ ಮೊಗ್ಗು ಅಂಟಿನಲ್ಲಿ ಅದ್ದಿದ ಹಾಗೆ ಹೊಳೆಯುತ್ತ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಬಲಿತದ್ದು ಅಕ್ಕಿಕಾಳಿಗಿಂತ ತುಸು ಉದ್ದವಾಗಿ, ಬಿಡಿಬಿಡಿಯಾಗಿ, ಈಟಿಯ ಮೊನೆಯಂತೆ ನೆಟ್ಟಗೆ ನಿಂತಿರುತ್ತದೆ. ಕೆರೆದಂಡೆ, ದಿಬ್ಬ, ನಡುತೋಟ ಮೂರೂ ಕಡೆಯಿಂದ ಹತ್ತತ್ತು ಗಿಡ ನೋಡುತ್ತೇನೆ. ಹತ್ತರಲ್ಲಿ ಎಂಟು ಬಲಿಯದೆ ನೀರಿಲ್ಲ. 2021ರ ಜನವರಿ ಮೊದಲ ವಾರದ ಅಕಾಲ ಮಳೆಗೆ ಹಣ್ಣು ಕೊಯ್ಯುತ್ತಿದ್ದ ಗಿಡದಲ್ಲೇ ಹೂ ಅರಳಿದ್ದನ್ನು ನೀವೂ ನೋಡಿದ್ದೀರಿ. ಆಗಲೂ ಅರಳಿದ್ದು ಬಲಿತವು ಮಾತ್ರ. ಉಳಿದವನ್ನು ಗುರುತು ಮಾಡಿಟ್ಟು ಮಾರ್ಚ್‌ನಲ್ಲಿ ಅರಳಿಸಿಕೊಂಡೆ.

2023ರಲ್ಲಿ ನನ್ನ ಪುಸ್ತಕಕ್ಕೆ ಬೆಲೆ ಬಂತು. ಫೆಬ್ರವರಿ 10ರೊಳಗೆ ಸುತ್ತಲೂ ಜೆಟ್ ತಿರುಗತೊಡಗಿತು. ದೊಡ್ಡಪ್ಪ ಬಂದು, "ಎಂಜಿನ್ ಕೆಟ್ಟಿದ್ದರೆ ಹೇಳಪ್ಪಾ, ನಮ್ಮದನ್ನು ಕಳಿಸುತ್ತೇನೆ" ಎಂದರು. ಮೇಸ್ತ್ರಿ ದಿನವೂ ಮುಖ ನೋಡುತ್ತಿದ್ದ. ಹದಿನೇಳು ದಿನ ಕಾದೆ. ಆ ದಿನಗಳಲ್ಲಿ ನಿದ್ದೆ ಸರಿಯಾಗಿ ಬರಲಿಲ್ಲ. 27ಕ್ಕೆ ಚಾಲೂ ಮಾಡಿ, ಎಕರೆಗೆ ಒಂದೂವರೆ ಇಂಚಿನಂತೆ, ದಿನಕ್ಕೆ ಎರಡು ಪಾಳಿಯಲ್ಲಿ ಆರು ದಿನಕ್ಕೆ ಮುಗಿಸಿದೆ. ಒಂದು ಪಾಳಿಗೆ 20 ಲೀಟರ್ ಡೀಸೆಲ್.

ಏಳನೆಯ ಸಂಜೆ ಮೊದಲ ತಾಕಿನ ಮೊಗ್ಗುಗಳು ಮೇಣದ ಬತ್ತಿಯಂತೆ ಬೆಳ್ಳಗೆ ಉಬ್ಬಿದವು. ಮಾರನೆಯ ಬೆಳಿಗ್ಗೆ ಬಾಗಿಲು ತೆರೆದರೆ ಪರಿಮಳ ಅಂಗಳಕ್ಕೇ ಬಂದಿತ್ತು. ಒಂದೊಂದು ಗಿಣ್ಣೂ ಮಲ್ಲಿಗೆ ಚೆಂಡು. ಹಸಿ ಮೊಗ್ಗು ಹುಡುಕಿದರೂ ಸಿಗುವುದು ಕಷ್ಟವಿತ್ತು. ಒಂಬತ್ತರ ಹೊತ್ತಿಗೆ ಜೇನಿನ ಮೊರೆತ ರಸ್ತೆಯವರೆಗೆ ಕೇಳುತ್ತಿತ್ತು. ಮಾರ್ಚ್ ಮೂರನೇ ವಾರ 70 ಸೆಂಟು ಮಳೆ ಬಿತ್ತು (ನೂರು ಸೆಂಟು ಅಂದರೆ ಒಂದು ಇಂಚು). ಬೇಗ ನೀರು ಕೊಟ್ಟಿದ್ದವರಲ್ಲಿ ಆ ಮಳೆಗೆ ಎರಡನೇ ಹೂ ಅರಳಿತು. ನನಗೆ ಅದೇ ಬ್ಯಾಕಿಂಗ್ ಆಯಿತು. ಇಂಚಿಗೆ ಕೊರತೆ ಬಿದ್ದ 30 ಸೆಂಟನ್ನು ಎರಡೇ ದಿನದಲ್ಲಿ ಜೆಟ್ ಹಾಕಿ ತುಂಬಿದೆ. ಆ ವರ್ಷ 290 ಚೀಲದ ಹತ್ತಿರ ಬಂತು. ಹಣ್ಣು ಒಟ್ಟಿಗೆ ಬಂದದ್ದರಿಂದ ಕೊಯ್ಲಿನ ಕೂಲಿಯಲ್ಲಿ 40 ಸಾವಿರಕ್ಕೂ ಹೆಚ್ಚು ಉಳಿಯಿತು. ಆ ಚೀಲಗಳನ್ನು ಮಾರುವ ಹೊತ್ತಿಗೆ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ದರ 50 ಕಿಲೋಗೆ ಹತ್ತು ಸಾವಿರದ ಹತ್ತಿರ ಬಂದಿತ್ತು, ಅದು ನನ್ನ ಅದೃಷ್ಟ.

2024ರ ಬಿಸಿಲಿಗೆ ಹಲವರ ಕೆರೆ ಮಾರ್ಚ್‌ನಲ್ಲೇ ಬತ್ತಿತು. ಕಾದು ಒಂದೇ ಸುತ್ತಿಗೆ ಹೂ ಬಿಡಿಸಿಕೊಂಡದ್ದರಿಂದ ನನ್ನ ಕೆರೆಯಲ್ಲಿ ಬ್ಯಾಕಿಂಗ್‌ಗೂ ನೀರಿತ್ತು. ಅದಾದ ಮೇಲೆ ದೊಡ್ಡಪ್ಪ ಫೆಬ್ರವರಿಯಲ್ಲಿ ವಾರಕ್ಕೊಮ್ಮೆ ಫೋನ್ ಮಾಡಿ ಬಟ್ಟೆಯ ತೂಕ ಕೇಳುತ್ತಾರೆ.

ಈಗ ಗೋಣಿಮರದ ಹೆಜ್ಜೇನಿನ ಲೆಕ್ಕ ಹಿಡಿದಿದ್ದೇನೆ. ಕಳೆದ ವರ್ಷ ಹೂವಿಗೆ ಎಂಟು ದಿನ ಮುಂಚೆ ನಾಲ್ಕು ಗೂಡು ಕಟ್ಟಿದ್ದವು, ಈ ವರ್ಷ ಒಂಬತ್ತು.