ಮೈಕ್ರೋವೇವ್ ಓವನ್ನಿನ ಫ್ಯೂಸ್ ಪದೇ ಪದೇ ಸುಟ್ಟುಹೋಗುತ್ತಿದ್ದರೆ

ಹೊಸ ಫ್ಯೂಸ್ ಹಾಕಿದ ಮೇಲೂ ಸುಟ್ಟುಹೋಗುತ್ತಿದ್ದರೆ, ಅದು ಯಾವ ಕ್ಷಣದಲ್ಲಿ ಹೋಗುತ್ತದೆ ಎಂಬುದನ್ನು ಮೊದಲು ಗಮನಿಸಿ; ದೋಷದ ಸುಳಿವು ಬಹುಮಟ್ಟಿಗೆ ಅಲ್ಲೇ ಇರುತ್ತದೆ. ಬಾಗಿಲು ತೆರೆಯುವಾಗಲೋ ಮುಚ್ಚುವಾಗಲೋ ಹೋದರೆ ಬಾಗಿಲಿನ ಸ್ವಿಚ್‌ಗಳನ್ನು ಶಂಕಿಸಬೇಕು. ಅಲ್ಲಿ ಸಾಮಾನ್ಯವಾಗಿ ಮೂರು ಸಣ್ಣ ಸ್ವಿಚ್‌ಗಳಿದ್ದು, ಬಾಗಿಲು ತೆರೆದಾಗ ವಿದ್ಯುತ್ತನ್ನು ಕಡಿಯಬೇಕಾದ ಸ್ವಿಚ್ ಅಂಟಿಕೊಂಡರೆ, ಅದರ ಮೇಲೆ ನಿಗಾ ಇಡುವ ಮಾನಿಟರ್ ಸ್ವಿಚ್ ಬೇಕೆಂದೇ ಶಾರ್ಟ್ ಮಾಡಿ ಫ್ಯೂಸನ್ನು ಸುಡುತ್ತದೆ. ತೆರೆದ ಬಾಗಿಲಿನಿಂದ ಮೈಕ್ರೋವೇವ್ ಹೊರಬಾರದಿರಲೆಂದು ಮಾಡಿರುವ ಏರ್ಪಾಡು ಇದು. ಆದ್ದರಿಂದ ಫ್ಯೂಸಿನ ಜೊತೆಗೆ ಆ ಸ್ವಿಚ್‌ಗಳನ್ನೂ ಬದಲಿಸಲು ಮೆಕ್ಯಾನಿಕ್‌ಗೆ ಹೇಳುವುದು ಲೇಸು. ಅವುಗಳ ಬೆಲೆಯೂ ಅಷ್ಟೇನಿಲ್ಲ.

ದೀಪ ಉರಿದು ತಟ್ಟೆ ತಿರುಗಿ, ಬಿಸಿಯಾಗಲು ತೊಡಗಿದೊಡನೆ ಹೋದರೆ ಕೆಪಾಸಿಟರ್ (ವಿದ್ಯುತ್ತನ್ನು ಹಿಡಿದಿಡುವ ಭಾಗ), ಡಯೋಡ್, ಟ್ರಾನ್ಸ್‌ಫಾರ್ಮರ್ ಅಥವಾ ಮೈಕ್ರೋವೇವ್ ಹುಟ್ಟಿಸುವ ಮ್ಯಾಗ್ನೆಟ್ರಾನ್ ಕೆಟ್ಟಿರಬಹುದು. ದಯವಿಟ್ಟು ಓವನ್ನಿನ ಹೊರಕವಚವನ್ನು ನೀವೇ ಬಿಚ್ಚಬೇಡಿ, ಏಕೆಂದರೆ ಪ್ಲಗ್ ಕಿತ್ತ ನಂತರವೂ ಕೆಪಾಸಿಟರಿನಲ್ಲಿ 2,000 ವೋಲ್ಟ್‌ಗೂ ಮೀರಿದ, ಪ್ರಾಣ ತೆಗೆಯಬಲ್ಲ ವಿದ್ಯುತ್ ಉಳಿದಿರಬಹುದು. ಹೆಚ್ಚು ಆಂಪಿಯರಿನ ಫ್ಯೂಸ್ ಹಾಕುವ, ತಂತಿ ಸುತ್ತಿ ಸರಿಪಡಿಸುವ ಜಾಣತನವಂತೂ ಬೇಡವೇ ಬೇಡ, ಬೆಂಕಿ ಹೊತ್ತಿಕೊಂಡೀತು.

ಹೋಗುತ್ತಿರುವುದು ಒಳಗಿನ ಫ್ಯೂಸಲ್ಲ, ಮನೆಯ ಎಂಸಿಬಿ (ಹೊರೆ ಹೆಚ್ಚಾದಾಗ ತಾನಾಗಿ ಆಫ್ ಆಗುವ ಸ್ವಿಚ್) ಎಂದಾದರೆ, ಅದೇ ಲೈನಿನಲ್ಲಿ ಗೀಸರ್ ಅಥವಾ ಇಸ್ತ್ರಿಪೆಟ್ಟಿಗೆ ನಡೆಯುತ್ತಿದೆಯೇ ನೋಡಿ, ಓವನ್ನನ್ನು ಪ್ರತ್ಯೇಕ 16 ಆಂಪಿಯರ್ ಸಾಕೆಟ್ಟಿಗೆ ಹಾಕಿ ಪರೀಕ್ಷಿಸಿ.