ಬೀದಿಗೆಲ್ಲ ಗೊತ್ತಿದ್ದ ವೈಫೈ ಪಾಸ್‌ವರ್ಡ್ ಬದಲಾಯಿಸಿದ್ದು

ರೂಟರಿನಲ್ಲಿ ವೈಫೈ ಪಾಸ್‌ವರ್ಡ್ ಬದಲಾಯಿಸುವುದು ಐದು ನಿಮಿಷದ ಕೆಲಸ. ಆಮೇಲೆ ಟಿವಿ, ಪ್ರಿಂಟರ್, ಗೇಟಿನ ಕ್ಯಾಮೆರಾ, ಅತ್ತೆಯವರ ಫೋನು, ಮಗನ ಟ್ಯಾಬ್ ಎಲ್ಲಕ್ಕೂ ಹೊಸ ಪಾಸ್‌ವರ್ಡ್ ಕೊಡುತ್ತ ಕೂರುವುದು ಅರ್ಧ ದಿನದ ಕೆಲಸ. ಮೊದಲಿನದನ್ನು ಹೇಳಿಕೊಡುವ ವಿಡಿಯೊಗಳು ಬೇಕಾದಷ್ಟಿವೆ. ಎರಡನೆಯದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ನಾನು ಎರಡನ್ನೂ ಬರೆಯುತ್ತೇನೆ.

ನಮ್ಮದು ಮೈಸೂರಿನಲ್ಲಿ ಕೆಳಗೆ ನಾವು, ಮೇಲೆ ಬಾಡಿಗೆಯವರು ಇರುವ ಮನೆ. ಫೈಬರ್ ಹಾಕಲು ಬಂದ ಹುಡುಗ, "ಮೇಡಂ, ನಂಬರ್ ಇಟ್ಟಿದೀನಿ, ಮರೆಯೋ ಚಾನ್ಸೇ ಇಲ್ಲ" ಎಂದು ಮನೆಯವರ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿ ಹೋಗಿದ್ದ. ಮರೆಯುವುದಿಲ್ಲ, ನಿಜ. ಆದರೆ ಆ ನಂಬರ್ ಗ್ಯಾಸ್ ಸಿಲಿಂಡರ್ ತರುವವರಿಂದ ಹಿಡಿದು ಶಾಲೆಯ ವಾಟ್ಸಾಪ್ ಗುಂಪಿನವರೆಗೆ ಎಲ್ಲರ ಹತ್ತಿರವೂ ಇದೆ. ಮೇಲಿನ ಮನೆ ಖಾಲಿ ಮಾಡಿಕೊಂಡು ಪಕ್ಕದ ಬೀದಿಗೆ ಹೋದವರ ಹತ್ತಿರವೂ ಇದೆ.

ನಂಬರ್ ಗೊತ್ತಿಲ್ಲದವರಿಗೂ ಇದು ಅಂಥ ಕಷ್ಟವಲ್ಲ. ನಮ್ಮ ದೇಶದ ಮೊಬೈಲ್ ನಂಬರಿಗೆ ಹತ್ತು ಅಂಕಿ, ಮೊದಲ ಅಂಕಿ 6, 7, 8 ಅಥವಾ 9. ಅಂದರೆ ಹೆಚ್ಚೆಂದರೆ 400 ಕೋಟಿ ಸಾಧ್ಯತೆ. ದೊಡ್ಡ ಸಂಖ್ಯೆ ಅನಿಸುತ್ತದೆ, ಅಲ್ವಾ? ಆದರೆ ಡಬ್ಲ್ಯೂಪಿಎ2 ಎಂಬ ಸುರಕ್ಷತಾ ಪದ್ಧತಿ ಬಳಸುವ ವೈಫೈಗೆ ಒಂದು ಫೋನ್ ಸೇರಿಕೊಳ್ಳುವಾಗ ಗಾಳಿಯಲ್ಲಿ ನಡೆಯುವ ಮಾತುಕತೆಯನ್ನು ಹೊರಗಿನವರು ಹಿಡಿದಿಟ್ಟುಕೊಳ್ಳಬಹುದು. ಅದನ್ನು ತಮ್ಮ ಕಂಪ್ಯೂಟರಿಗೆ ಹಾಕಿ, ಒಂದಾದ ಮೇಲೊಂದು ಪಾಸ್‌ವರ್ಡ್ ಹೊಂದಿಸಿ ನೋಡಬಹುದು. ಅಷ್ಟು ಹೊತ್ತೂ ನಮ್ಮ ರೂಟರಿಗೆ ಸುದ್ದಿಯೇ ಇರುವುದಿಲ್ಲ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಲಕ್ಷಗಟ್ಟಲೆ ಪಾಸ್‌ವರ್ಡ್ ಪರೀಕ್ಷಿಸುತ್ತದೆ. 400 ಕೋಟಿ ಒಂದು ರಾತ್ರಿಯೊಳಗೆ ಮುಗಿದುಹೋಗುತ್ತದೆ.

"ಯಾರೋ ಎರಡು ಸಿನಿಮಾ ನೋಡಿಕೊಂಡರೆ ನಮ್ಮ ಗಂಟೇನು ಹೋಗುತ್ತೆ?" ಎಂದು ಮನೆಯವರ ವಾದ. ಸಿನಿಮಾ ನೋಡಿದರೆ ಏನೂ ಹೋಗುವುದಿಲ್ಲ. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟಗಳಿಗೆ ಕೆಲವೇ ನಿಮಿಷ ಮೊದಲು ಟಿವಿ ಚಾನೆಲ್‌ಗಳಿಗೆ ಒಂದು ಬೆದರಿಕೆ ಇಮೇಲ್ ಬಂದಿತ್ತು. ಅದರ ಜಾಡು ಹಿಡಿದ ಪೊಲೀಸರು ಹೋಗಿ ನಿಂತದ್ದು ನವಿ ಮುಂಬೈನ ಒಂದು ಫ್ಲ್ಯಾಟಿನ ಬಾಗಿಲಲ್ಲಿ. ಯಾರೋ ಆ ಮನೆಯ ವೈಫೈ ಬಳಸಿ ಕಳಿಸಿದ್ದರು. ಹೊರಗಿನ ಜಗತ್ತಿಗೆ ಕಾಣುವುದು ಕನೆಕ್ಷನ್ ಯಾರ ಹೆಸರಲ್ಲಿದೆ ಎಂಬುದಷ್ಟೇ. ಇದನ್ನು ಹೇಳಿದ ಮೇಲೆ ಮನೆಯವರು "ಸರಿ, ಭಾನುವಾರ ಮಾಡು" ಅಂದರು.

ಮೊದಲು ಒಂದು ಕಾಗದ ತಗೊಂಡು, ಮನೆಯಲ್ಲಿ ವೈಫೈ ಬಳಸುವ ವಸ್ತುಗಳನ್ನೆಲ್ಲ ಬರೆದೆ. ಫೋನು, ಲ್ಯಾಪ್‌ಟಾಪ್ ತಟ್ಟನೆ ನೆನಪಾಗುತ್ತವೆ. ಗೀಸರಿಗೆ ಹಾಕಿದ ಸ್ಮಾರ್ಟ್ ಪ್ಲಗ್ ನೆನಪಾಗುವುದಿಲ್ಲ. ಅದಕ್ಕೇ ರೂಟರಿನೊಳಗಿನ ಪಟ್ಟಿಯನ್ನೂ ನೋಡಬೇಕು.

ಒಳಗೆ ಹೋಗಲು ರೂಟರಿನ ವಿಳಾಸ ಬೇಕು. ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಇರುತ್ತದೆ. ಊಹಿಸುತ್ತ ಕೂರುವ ಅಗತ್ಯವಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಈಗ ಸೇರಿರುವ ವೈಫೈ ಹೆಸರಿನ ವಿವರ ತೆರೆದರೆ 'ಗೇಟ್‌ವೇ' ಅಂತ ಇರುತ್ತದೆ, ಅದೇ ವಿಳಾಸ. ಐಫೋನಿನಲ್ಲಿ ನೇರವಾಗಿ 'ರೂಟರ್' ಎಂದೇ ಬರೆದಿರುತ್ತದೆ. ಆ ಅಂಕಿಗಳನ್ನು ಬ್ರೌಸರಿನ ಮೇಲಿನ ಪಟ್ಟಿಯಲ್ಲಿ ಹಾಕಿದರೆ ಲಾಗಿನ್ ಪುಟ ಬರುತ್ತದೆ. 'ನಾಟ್ ಸೆಕ್ಯೂರ್' ಅಂತ ಬ್ರೌಸರ್ ಹೆದರಿಸಬಹುದು. ನಮ್ಮದೇ ಮನೆಯ ಡಬ್ಬದ ಪುಟ ಅದು, ಮುಂದೆ ಹೋಗಬಹುದು.

ಇಲ್ಲಿ ಕೇಳುವುದು ವೈಫೈ ಪಾಸ್‌ವರ್ಡ್ ಅಲ್ಲ, ಅಡ್ಮಿನ್ ಪಾಸ್‌ವರ್ಡ್. ವೈಫೈ ಪಾಸ್‌ವರ್ಡ್ ಮನೆಯೊಳಗೆ ಬರುವ ಕೀಲಿಯಾದರೆ, ಇದು ಬೀಗವನ್ನೇ ಬದಲಾಯಿಸುವ ಅಧಿಕಾರ. ಬಹಳಷ್ಟು ರೂಟರ್‌ಗಳ ತಳದಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ, ಯೂಸರ್ ನೇಮ್ ಮತ್ತು ಪಾಸ್‌ವರ್ಡ್ ಅಲ್ಲೇ ಇರುತ್ತವೆ. ನಮ್ಮದನ್ನು ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದರಿಂದ ಸ್ಟಿಕ್ಕರ್ ಗೋಡೆ ಕಡೆಗಿತ್ತು. ಡಬ್ಬ ಬಿಚ್ಚಲು ಹೋಗಲಿಲ್ಲ. ಫೈಬರಿನ ತಂತಿ, ತುದಿಗೆ ಹಸಿರು ಪಿನ್ ಇರುವುದು, ಒಳಗೆ ಗಾಜಿನ ಎಳೆ. ಜಾಸ್ತಿ ಮಡಚಿದರೆ ಸಿಗ್ನಲ್ ಹೋಯಿತೆಂದು ಹೇಳುವ 'ಎಲ್‌ಒಎಸ್' ದೀಪ ಕೆಂಪಗೆ ಮಿನುಗಲು ಶುರುವಾಗಿ, ಮತ್ತೆ ಲೈನ್‌ಮ್ಯಾನ್ ಬರುವವರೆಗೆ ಏನೂ ಇಲ್ಲ. ಫೋನಿನ ಕ್ಯಾಮೆರಾವನ್ನು ಗೋಡೆಯ ಸಂದಿಗೆ ಹಿಡಿದು ಫೋಟೊ ತೆಗೆದು, ದೊಡ್ಡದು ಮಾಡಿ ಓದಿದೆ. ಸೊನ್ನೆಯೋ ಇಂಗ್ಲಿಷಿನ ಓ ಅಕ್ಷರವೋ ಎಂಬುದೊಂದು ತಿಳಿಯಲಿಲ್ಲ, ಎರಡನ್ನೂ ಹಾಕಿ ನೋಡಿದೆ.

ಕೆಲವು ಕಂಪನಿಗಳ ಡಬ್ಬಕ್ಕೆ ಅಡ್ಮಿನ್ ಪಾಸ್‌ವರ್ಡನ್ನು ಗಿರಾಕಿಗೆ ಕೊಡುವುದಿಲ್ಲ. ಅಂಥ ಕಡೆ ಅವರ ಆ್ಯಪ್‌ನಿಂದಲೇ ವೈಫೈ ಪಾಸ್‌ವರ್ಡ್ ಬದಲಾಯಿಸಬಹುದು, ಇಲ್ಲವೇ ಕಸ್ಟಮರ್ ಕೇರ್‌ಗೆ ಫೋನ್ ಮಾಡಬೇಕು. ಒಂದನ್ನು ಮಾತ್ರ ಮಾಡಬೇಡಿ: ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿ ರೀಸೆಟ್ ಮಾಡುವುದು. ಸಾದಾ ರೂಟರಿಗೆ ಅದು ನಡೆಯುತ್ತದೆ. ಫೈಬರ್ ಡಬ್ಬದಲ್ಲಿ ಕಂಪನಿಯವರು ತುಂಬಿದ ಯೂಸರ್ ಐಡಿ, ಸೆಟ್ಟಿಂಗ್ ಎಲ್ಲ ಅದರ ಜೊತೆ ಅಳಿಸಿಹೋಗಬಹುದು. ಆಮೇಲೆ ವೈಫೈ ಇರುತ್ತದೆ, ಇಂಟರ್ನೆಟ್ ಇರುವುದಿಲ್ಲ.

ಒಳಗೆ ಹೋದ ಮೇಲೆ ಸೇರಿಕೊಂಡಿರುವವರ ಪಟ್ಟಿ ನೋಡಿದೆ. ನಮ್ಮ ಕಾಗದದಲ್ಲಿ ಇದ್ದದ್ದಕ್ಕಿಂತ ಉದ್ದವಾಗಿತ್ತು. ಅದರಲ್ಲಿದ್ದ ಎರಡು ಫೋನುಗಳು ನಮ್ಮ ಮನೆಯಲ್ಲಿ ಯಾರೂ ಬಳಸದ ಕಂಪನಿಯವು. ಅವನ್ನು ಅಲ್ಲೇ ಬ್ಲಾಕ್ ಮಾಡುವ ಗುಂಡಿಯೂ ಇದೆ. ಅದರಿಂದ ಹೆಚ್ಚು ಉಪಯೋಗವಿಲ್ಲ. ಆಂಡ್ರಾಯ್ಡ್ 10, ಐಒಎಸ್ 14 ಬಂದಾಗಿನಿಂದ ಫೋನುಗಳು ತಮ್ಮ ಅಸಲಿ ಮ್ಯಾಕ್ ವಿಳಾಸ (ರೂಟರ್ ಒಂದೊಂದು ಫೋನನ್ನು ಗುರುತಿಸುವ ಸಂಖ್ಯೆ) ಹೇಳದೆ ಕಟ್ಟಿದ ವಿಳಾಸವೊಂದನ್ನು ಹೇಳುತ್ತವೆ. ಸೆಟ್ಟಿಂಗಿನಲ್ಲಿ ಅದನ್ನು ಬದಲಾಯಿಸಿಕೊಂಡರೆ ಬ್ಲಾಕ್ ಆದವನೇ ಹೊಸಬನಾಗಿ ಬರುತ್ತಾನೆ. ಪಾಸ್‌ವರ್ಡ್ ಬದಲಾದರೆ ಎಲ್ಲರೂ ಒಂದೇ ಏಟಿಗೆ ಹೊರಗೆ.

ಹೊಸ ಪಾಸ್‌ವರ್ಡ್ ಹೇಗಿರಬೇಕು ಎಂದು ಸ್ವಲ್ಪ ಯೋಚಿಸಿದೆ. ಡಬ್ಲ್ಯೂಪಿಎ2ನಲ್ಲಿ 8ರಿಂದ 63 ಅಕ್ಷರದವರೆಗೆ ಇಡಬಹುದು. ಡಾಲರ್ ಚಿಹ್ನೆ, ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಬೆರೆಸಿದ ಎಂಟಕ್ಷರದ ಗೊಂದಲ ನನಗೆ ಬೇಡವಾಗಿತ್ತು, ಯಾಕೆಂದರೆ ಅದನ್ನು ಟಿವಿ ರಿಮೋಟಿನಲ್ಲಿ ಒತ್ತಬೇಕಾದವಳು ನಾನು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷಿನ ಚಿಕ್ಕ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಬರೆದರೆ ಇಪ್ಪತ್ತು ಅಕ್ಷರ ದಾಟುತ್ತದೆ. ಊಹಿಸುವುದು ಕಷ್ಟ, ನೆನಪಿಡುವುದು ಸುಲಭ.

ಆದರೆ ಪದ ಆರಿಸುವುದರಲ್ಲಿ ಸ್ವಲ್ಪ ಹುಷಾರಾಗಿರಬೇಕು. 'ಛತ್ರಿ'ಯನ್ನು ನಮ್ಮ ಮನೆಯಲ್ಲೇ ಮೂರು ಥರ ಬರೆಯುತ್ತಾರೆ. ಕೆಲವರು 'ತ'ಗೆ ಬರೀ ಟಿ ಹಾಕುತ್ತಾರೆ, ಕೆಲವರು ಟಿ ಜೊತೆ ಎಚ್ ಸೇರಿಸುತ್ತಾರೆ. 'ಹಾಲು' ಅಂದರೆ ಒಬ್ಬರಿಗೆ ಒಂದು ಎ, ಇನ್ನೊಬ್ಬರಿಗೆ ಎರಡು. ಅದಕ್ಕೇ ದೀರ್ಘ, ಮಹಾಪ್ರಾಣ, ತ-ದ ಯಾವುದೂ ಇಲ್ಲದ ಪದಗಳನ್ನು ಹುಡುಕಬೇಕು: ಬೆಕ್ಕು, ಕಡಲೆ, ಸೊಪ್ಪು, ಗುಡುಗು ಇಂಥವು. ಇವನ್ನು ಯಾರು ಬರೆದರೂ ಹೆಚ್ಚುಕಡಿಮೆ ಒಂದೇ ಥರ ಬರುತ್ತದೆ. (ಇವೇ ನಾಲ್ಕನ್ನು ಎತ್ತಿಕೊಳ್ಳಬೇಡಿ. ನಾನೂ ಇವನ್ನು ಇಟ್ಟಿಲ್ಲ.)

ಬದಲಾಯಿಸುವಾಗ ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್ಲಿನಿಂದ ರೂಟರಿಗೆ ಸಿಕ್ಕಿಸಿದ್ದೆ. ವೈಫೈನಲ್ಲೇ ಕೂತು ಮಾಡಿದರೆ 'ಅಪ್ಲೈ' ಒತ್ತಿದ ಕೂಡಲೇ ನಮ್ಮ ಸಂಪರ್ಕವೇ ಕಡಿದುಹೋಗುತ್ತದೆ, ಉಳಿದ ಸೆಟ್ಟಿಂಗಿಗೆ ಮತ್ತೆ ಲಾಗಿನ್ ಆಗಬೇಕು. ಮೆನುವಿನಲ್ಲಿ 'ವೈರ್‌ಲೆಸ್' ಅಥವಾ 'ಡಬ್ಲ್ಯೂಲ್ಯಾನ್', ಅದರೊಳಗೆ 'ಸೆಕ್ಯುರಿಟಿ'. ಪಾಸ್‌ವರ್ಡಿಗೆ ಅಲ್ಲಿ 'ಪ್ರಿ-ಶೇರ್ಡ್ ಕೀ' ಅಥವಾ 'ಪಾಸ್‌ಫ್ರೇಸ್' ಎಂಬ ಹೆಸರಿರುತ್ತದೆ. ವೈಫೈನ ಎರಡು ತರಂಗ ಪಟ್ಟಿಗಳಾದ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎರಡಕ್ಕೂ ಬೇರೆ ಬೇರೆ ಪುಟ ಇದ್ದರೆ ಎರಡರಲ್ಲೂ ಬದಲಾಯಿಸಬೇಕು. ಒಂದನ್ನು ಬಿಟ್ಟರೆ ಹಳೇ ಪಾಸ್‌ವರ್ಡ್ ಅಲ್ಲಿ ಸುಮ್ನೆ ನಡೆಯುತ್ತಲೇ ಇರುತ್ತದೆ.

ಸೆಕ್ಯುರಿಟಿ ಯಾವ ಬಗೆಯದು ಎಂಬ ಆಯ್ಕೆಯೂ ಅದೇ ಪುಟದಲ್ಲಿದೆ. ಡಬ್ಲ್ಯೂಇಪಿ ಎಂದಿದ್ದರೆ ಅದರ ಹತ್ತಿರ ಹೋಗಬೇಡಿ, ಅದನ್ನು ಒಡೆಯುವ ದಾರಿ 2001ರಲ್ಲೇ ಗೊತ್ತಾಗಿದೆ. 2018ರಲ್ಲಿ ಬಂದ ಡಬ್ಲ್ಯೂಪಿಎ3 ಎಲ್ಲಕ್ಕಿಂತ ಒಳ್ಳೆಯದು. ನಾನು ಮೇಲೆ ಹೇಳಿದ, ಮಾತುಕತೆ ಹಿಡಿದುಕೊಂಡು ಹೋಗಿ ಪಾಸ್‌ವರ್ಡ್ ಹುಡುಕುವ ಉಪಾಯ ಅದರಲ್ಲಿ ನಡೆಯುವುದಿಲ್ಲ. ಆದರೆ ನಮ್ಮ ಹಳೇ ಪ್ರಿಂಟರಿಗೆ ಅದು ಗೊತ್ತೇ ಇಲ್ಲ. ಎಇಎಸ್ ಎಂಬ ಗೂಢಲಿಪಿ ಇರುವ ಡಬ್ಲ್ಯೂಪಿಎ2 ಇಟ್ಟೆ. ಪಾಸ್‌ವರ್ಡ್ ಉದ್ದವಿದ್ದರೆ ಮನೆಗೆ ಅದು ಸಾಕು.

ಅಲ್ಲಿದ್ದಾಗಲೇ ಡಬ್ಲ್ಯೂಪಿಎಸ್ ಆಫ್ ಮಾಡಿದೆ. ಎಂಟಂಕಿಯ ಪಿನ್ ಹಾಕಿ ವೈಫೈ ಸೇರುವ ಸೌಲಭ್ಯ ಅದು. ಆ ಪಿನ್ನನ್ನು ರೂಟರ್ ಎರಡು ತುಂಡಾಗಿ ಬೇರೆ ಬೇರೆ ಪರೀಕ್ಷಿಸುತ್ತದೆ, ಕೊನೆಯ ಅಂಕಿ ಬರೀ ತಾಳೆ ನೋಡುವುದಕ್ಕೆ. ಹಾಗಾಗಿ ಹೆಚ್ಚೆಂದರೆ 11,000 ಸಲ ಪ್ರಯತ್ನಿಸಿದರೆ ಸಿಕ್ಕೇಬಿಡುತ್ತದೆ ಎಂದು 2011ರಲ್ಲೇ ತೋರಿಸಿದ್ದರು. ಇಪ್ಪತ್ತಕ್ಷರದ ಪಾಸ್‌ವರ್ಡ್ ಇಟ್ಟು ಇದನ್ನು ತೆರೆದು ಬಿಟ್ಟರೆ ಏನು ಪ್ರಯೋಜನ? ಅಡ್ಮಿನ್ ಪಾಸ್‌ವರ್ಡನ್ನೂ ಬದಲಾಯಿಸಿ, ಡೈರಿಯ ಹಿಂದಿನ ಪುಟದಲ್ಲಿ ಬರೆದಿಟ್ಟೆ.

'ಅಪ್ಲೈ' ಒತ್ತಿದ ಸ್ವಲ್ಪ ಹೊತ್ತಿಗೆ ಒಳಗಿನಿಂದ ಅತ್ತೆಯವರ ದನಿ: "ಏನಮ್ಮಾ, ನನ್ನ ಫೋನ್ ಹಾಳಾಯ್ತಾ?" ಹಾಳಾಗಿರಲಿಲ್ಲ. ಫೋನು ಹಳೇ ಪಾಸ್‌ವರ್ಡನ್ನೇ ಹಿಡಿದು ಕೂತಿರುತ್ತದೆ. ವೈಫೈ ಹೆಸರಿನ ಮೇಲೆ ಒತ್ತಿ 'ಫರ್ಗೆಟ್' ಕೊಟ್ಟು, ಹೊಸದಾಗಿ ಸೇರಿಸಬೇಕು. ಎಲ್ಲ ಫೋನಿನಲ್ಲೂ ಟೈಪ್ ಮಾಡುವ ಗೋಜಿಲ್ಲ. ಆಂಡ್ರಾಯ್ಡ್ 10ರಿಂದ ಈಚೆಗೆ ಒಂದು ಫೋನ್ ಸೇರಿಸಿದರೆ, ಅದರ ವೈಫೈ ವಿವರದಲ್ಲಿ 'ಶೇರ್' ಒತ್ತಿದಾಗ ಕ್ಯೂಆರ್ ಕೋಡ್ ಬರುತ್ತದೆ. ಉಳಿದವರು ಸ್ಕ್ಯಾನ್ ಮಾಡಿದರೆ ಆಯಿತು. ಇದೆಲ್ಲ ಆ ದಿನವೇ ಮಾಡಿ ಮುಗಿಸಬೇಕು. ಬಿಟ್ಟರೆ ಫೋನು ಸದ್ದಿಲ್ಲದೆ ಮೊಬೈಲ್ ಡೇಟಾಗೆ ಹೋಗುತ್ತದೆ, ಸೀರಿಯಲ್ ಅರ್ಧಕ್ಕೆ ಬಂದಾಗ ದಿನದ ಡೇಟಾ ಮುಗಿದಿರುತ್ತದೆ.

ಟಿವಿ ನಿಜವಾದ ಪರೀಕ್ಷೆ. ರಿಮೋಟಿನ ಬಾಣದ ಗುಂಡಿಯಲ್ಲಿ ಒಂದೊಂದೇ ಅಕ್ಷರಕ್ಕೆ ಹೋಗಬೇಕು. ಬಲ, ಬಲ, ಕೆಳಗೆ, ಓಕೆ. ಪರದೆಯ ಮೇಲೆ ಬರೀ ಚುಕ್ಕಿಗಳು. ಅರ್ಧದಲ್ಲಿ ಎಷ್ಟನೇ ಅಕ್ಷರದಲ್ಲಿದ್ದೇನೆ ಎಂದು ಮರೆತುಹೋಗುತ್ತದೆ. 'ಶೋ ಪಾಸ್‌ವರ್ಡ್' ಎಂಬ ಸಣ್ಣ ಚೌಕ ಮೂಲೆಯಲ್ಲೆಲ್ಲೋ ಇರುತ್ತದೆ, ಮೊದಲು ಅದನ್ನು ಹುಡುಕಿ ಟಿಕ್ ಮಾಡಿ. ಎಲ್ಲ ಚಿಕ್ಕ ಅಕ್ಷರ ಇಟ್ಟದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡದ್ದು ಇಲ್ಲೇ.

ಗೇಟಿನ ಕ್ಯಾಮೆರಾ ಎಲ್ಲಕ್ಕಿಂತ ಜಾಸ್ತಿ ಹೊತ್ತು ತಿಂದಿತು. ಅದಕ್ಕೆ ಪರದೆ ಇಲ್ಲ, ಗುಂಡಿ ಇರುವುದು ಒಂದೇ. ಏಣಿ ಹಾಕಿ ಹತ್ತಿ, ದನಿ ಬರುವವರೆಗೆ ಗುಂಡಿ ಒತ್ತಿ ಹಿಡಿದು, ಆ್ಯಪ್ ತೋರಿಸುವ ಕ್ಯೂಆರ್ ಕೋಡನ್ನು ಅದರ ಮುಂದೆ ಹಿಡಿಯಬೇಕು. ಇಂಥ ಕ್ಯಾಮೆರಾ, ಸ್ಮಾರ್ಟ್ ಪ್ಲಗ್‌ಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ. ಫೋನು 5ರಲ್ಲಿ ಇದ್ದರೆ ಕೆಲವಕ್ಕೆ ಸೆಟಪ್ ಆಗುವುದಿಲ್ಲ. ರೂಟರಿನಲ್ಲಿ 5 ಗಿಗಾಹರ್ಟ್ಸ್ ಅನ್ನು ಸ್ವಲ್ಪ ಹೊತ್ತು ಆಫ್ ಮಾಡಿ, ಕ್ಯಾಮೆರಾ, ಪ್ಲಗ್ ಎರಡನ್ನೂ ಸೇರಿಸಿ, ಮತ್ತೆ ಆನ್ ಮಾಡಿದೆ.

ಸಂಜೆಗೆ ಮೇಲಿನ ಮನೆಯ ಹುಡುಗ ಇಳಿದು ಬಂದ. "ಆಂಟಿ, ವೈಫೈ ಬರ್ತಾ ಇಲ್ವಲ್ಲ?" ಇದಕ್ಕೆ ಮೊದಲೇ ತಯಾರಾಗಿದ್ದೆ. 'ಗೆಸ್ಟ್' ಎಂಬ ಎರಡನೇ ವೈಫೈ ತೆರೆದಿದ್ದೆ, ಪಾಸ್‌ವರ್ಡ್ ಬೇರೆ. ಅದರಲ್ಲಿ ಇಂಟರ್ನೆಟ್ ಸಿಗುತ್ತದೆ, ನಮ್ಮ ಪ್ರಿಂಟರ್, ಕ್ಯಾಮೆರಾ ಕಾಣುವುದಿಲ್ಲ. ನೆಂಟರು, ಟ್ಯೂಷನ್ ಮಕ್ಕಳು, ಬಾಡಿಗೆಯವರು ಎಲ್ಲರಿಗೂ ಅದೇ. ಅವರು ಮನೆ ಬಿಟ್ಟಾಗ ಅದೊಂದನ್ನು ಬದಲಾಯಿಸಿದರೆ ಆಯಿತು, ಏಣಿ ಹತ್ತುವ ಕೆಲಸ ಇಲ್ಲ. ಬೇಡ ಎನ್ನುವುದಕ್ಕಿಂತ ಇದು ಎಷ್ಟೋ ವಾಸಿ. ಬೀದಿಯಲ್ಲಿ ನಾಳೆ ಮುಖ ನೋಡಬೇಕಲ್ಲ.

ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಾಯಿಸಿ ಎಂದು ಹೇಳುವವರಿದ್ದಾರೆ. ಅವರ ಮನೆಯಲ್ಲಿ ಕ್ಯಾಮೆರಾ ಇರಲಿಕ್ಕಿಲ್ಲ. ಉದ್ದದ ಪಾಸ್‌ವರ್ಡ್ ಇದ್ದು, ಅದು ಮನೆಯವರಿಗೆ ಮಾತ್ರ ಗೊತ್ತಿದ್ದರೆ ಸುಮ್ಮಸುಮ್ಮನೆ ಮುಟ್ಟುವ ಅಗತ್ಯವಿಲ್ಲ. ಮುಂದೆ ರೂಟರ್ ಕೆಟ್ಟು ಹೊಸದು ಬಂದರೆ ಅದಕ್ಕೂ ಇದೇ ವೈಫೈ ಹೆಸರು, ಇದೇ ಪಾಸ್‌ವರ್ಡ್, ಇದೇ ಬಗೆಯ ಸೆಕ್ಯುರಿಟಿ ಇಡಿಸುವುದು ಎಂದು ತೀರ್ಮಾನಿಸಿದ್ದೇನೆ. ಆಗ ಡಬ್ಬ ಬದಲಾದದ್ದು ಟಿವಿಗೂ ಗೊತ್ತಾಗುವುದಿಲ್ಲ, ಪ್ರಿಂಟರಿಗೂ ಗೊತ್ತಾಗುವುದಿಲ್ಲ, ಎಲ್ಲ ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ.